ಎರಡು ಚಾಕು, ಒಂದು ಒಣ ಕೊಂಬೆ

ಕಾಡಿನಲ್ಲಿ ನಾಲ್ಕು ದಿನ ಉಳಿಯಲು ಹೊರಟಿದ್ದ ಗೆಳೆಯನೊಬ್ಬ ನನ್ನ ಎರಡು ಚಾಕುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತ. ಎರಡೂ ಮಡಿಸಲು ಬರದ ಚಾಕುಗಳು. ಅಲಗಿನ ಉದ್ದ ಎರಡರದ್ದೂ ಹೆಚ್ಚುಕಡಿಮೆ 11 ಸೆಂಟಿಮೀಟರ್. ಒಂದು ಸ್ಟೇನ್‌ಲೆಸ್ ಉಕ್ಕಿನದು, ಬೆನ್ನು 3 ಮಿಲಿಮೀಟರ್ ದಪ್ಪ. ಇನ್ನೊಂದು ಕಾರ್ಬನ್ ಉಕ್ಕಿನದು, ಬೆನ್ನು 5 ಮಿಲಿಮೀಟರ್.

"ಯಾವುದರ ಉಕ್ಕು ಒಳ್ಳೇದು ಹೇಳು, ಅದನ್ನೇ ತಗೊಂಡು ಹೋಗ್ತೀನಿ" ಅಂದ.

ಚಾಕು ವಿಷಯ ಬಂದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ಉತ್ತರ ಹೇಳಲಿಲ್ಲ. ಹೆಬ್ಬೆರಳು ದಪ್ಪದ ಒಂದು ಒಣ ಕೊಂಬೆ ಕೈಗಿಟ್ಟು, ಎರಡರಲ್ಲೂ ಹೆರೆದು ನೋಡು ಅಂದೆ.

ತೆಳು ಚಾಕು ತಾಗಿದ ಕೂಡಲೇ ಮರವನ್ನು ಕಚ್ಚಿತು. ಕಾಗದದಂಥ ಸುರುಳಿ ಎದ್ದು ಅಲಗಿನ ಮುಂದೆ ಉರುಳುತ್ತಾ ಹೋಯಿತು. ದಪ್ಪ ಚಾಕು ಅದೇ ಜಾಗದಲ್ಲಿ ಜಾರಿತು. ಬೆನ್ನನ್ನು ಇನ್ನಷ್ಟು ಎತ್ತಿ, ಜಾಸ್ತಿ ಒತ್ತಿದ ಮೇಲೆ ಚೂರು ಚೂರಾಗಿ ಕಿತ್ತು ಬಂತು. ಹಾಗಂತ ಅದು ಮೊಂಡಾಗಿರಲಿಲ್ಲ. ಎರಡನ್ನೂ ಹಿಂದಿನ ದಿನವೇ ಮಸೆದಿದ್ದೆ. ಎರಡೂ ಕಾಗದವನ್ನು ಸರ್ರನೆ ಸೀಳುತ್ತಿದ್ದವು.

"ತೆಳುವಾಗಿದೆ, ಅದಕ್ಕೆ ಚೆನ್ನಾಗಿ ಹೆರೆಯುತ್ತೆ" ಅಂದ ಗೆಳೆಯ. ಆಗ ಒಂದು ಸೇಬು ಕೊಟ್ಟೆ. ಈ ಸಲ ಲೆಕ್ಕ ತಲೆಕೆಳಗಾಯಿತು. ತೆಳು ಚಾಕು ಸ್ವಲ್ಪ ಒಳಗೆ ಹೋಗಿ ನಿಂತಿತು. ಇನ್ನೂ ಒತ್ತಿದಾಗ ಸೇಬು ಟಕ್ಕೆಂದು ಬಿರಿಯಿತು. ದಪ್ಪ ಚಾಕು ಅರ್ಧದವರೆಗೂ ನುಣ್ಣಗೆ ಇಳಿಯಿತು, ಆಮೇಲಷ್ಟೇ ಬಿಗಿಯಾಯಿತು.

ಇದರ ಗುಟ್ಟು ಉಕ್ಕಿನಲ್ಲಿ ಇಲ್ಲ, ಆಕಾರದಲ್ಲಿದೆ. ಚಾಕು ಅಂದರೆ ಒಂದು ಬೆಣೆ. ಬೆಣೆ ಎಷ್ಟು ಆಳ ಹೋದಾಗ ಎಷ್ಟು ಅಗಲವಾಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ನನ್ನ ತೆಳು ಚಾಕುವಿಗೆ ಇರುವುದು ಸ್ಕ್ಯಾಂಡಿ ಗ್ರೈಂಡ್. ಅಂದರೆ ಅಲಗು ಬೆನ್ನಿನಿಂದ ಬಹುದೂರ ಒಂದೇ ದಪ್ಪದಲ್ಲಿ ಬಂದು, ಕೊನೆಯ 7 ಮಿಲಿಮೀಟರ್‌ನಲ್ಲಿ ಮಾತ್ರ ಇಳಿಜಾರಾಗಿ ಅಂಚಿಗೆ ಸೇರುತ್ತದೆ. ಎರಡೂ ಬದಿಯ ಇಳಿಜಾರು ಸೇರಿ ಸುಮಾರು 24 ಡಿಗ್ರಿ ಕೋನ. ಮರಕ್ಕೆ ಇದು ಹೇಳಿ ಮಾಡಿಸಿದ್ದು. ಆ ಅಗಲ ಇಳಿಜಾರೇ ಮರದ ಮೇಲೆ ಮಲಗಿಕೊಂಡು, ಬಡಗಿಯ ಉಜ್ಜುಗೊರಡಿನ ಹಾಗೆ ದಾರಿ ಹಿಡಿಯುತ್ತದೆ. ಆದರೆ ಸೇಬಿನೊಳಗೆ 7 ಮಿಲಿಮೀಟರ್ ಇಳಿಯುವಷ್ಟರಲ್ಲಿ ಪೂರ್ತಿ 3 ಮಿಲಿಮೀಟರ್ ದಪ್ಪ ಬಂದು ಅಡ್ಡ ನಿಲ್ಲುತ್ತದೆ.

ದಪ್ಪ ಚಾಕು ಫುಲ್ ಫ್ಲಾಟ್ ಗ್ರೈಂಡ್‌ನದು. ಬೆನ್ನಿನಿಂದಲೇ ಇಳಿಜಾರು ಶುರು, ಅಲಗಿನ 3 ಸೆಂಟಿಮೀಟರ್ ಅಗಲದುದ್ದಕ್ಕೂ ನಿಧಾನವಾಗಿ ತೆಳುವಾಗುತ್ತಾ ಬರುತ್ತದೆ. ಅಂಚಿನಿಂದ 7 ಮಿಲಿಮೀಟರ್ ಮೇಲೆ ಅಳೆದರೆ ಅದರ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ. ಆ ಜಾಗದಲ್ಲಿ "ದಪ್ಪ" ಚಾಕುವೇ ತೆಳು, ಅಲ್ವಾ? ಹಾಗಾದರೆ ಕೊಂಬೆಯ ಮೇಲೆ ಯಾಕೆ ಜಾರಿತು? ಅದರ ತುತ್ತತುದಿಯಲ್ಲಿ ಇನ್ನೊಂದು ಸಣ್ಣ ಇಳಿಜಾರು ಇದೆ, ಒಂದೊಂದು ಬದಿಗೆ 20 ಡಿಗ್ರಿ, ಒಟ್ಟು 40. ಕಣ್ಣಿಗೆ ಗೆರೆಯಷ್ಟೇ ಕಾಣುವ ಆ ಪಟ್ಟಿಯೇ ಮರವನ್ನು ಮೊದಲು ಮುಟ್ಟುವುದು. ಚಾಕು ಕೊಳ್ಳುವಾಗ ಬೆನ್ನು ಮಾತ್ರ ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಮೊನೆಯನ್ನು ಕಣ್ಣಿನ ಕಡೆ ತಿರುಗಿಸಿ, ದೂರ ಹಿಡಿದು, ಅಲಗಿನ ಅಡ್ಡಕೊಯ್ತ ಹೇಗಿರಬಹುದು ಎಂದು ನೋಡಬೇಕು.

ಹಾಗಾದರೆ 5 ಮಿಲಿಮೀಟರ್ ಬೆನ್ನಿನಿಂದ ಏನು ಲಾಭ? ಬಾಗುವುದಿಲ್ಲ. ಒಂದು ಪಟ್ಟಿ ಬಾಗದಂತೆ ಎಷ್ಟು ಬಿಗಿಯಾಗಿರುತ್ತದೆ ಅನ್ನುವುದು ಅದರ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಮೂರರ ಘನ 27, ಐದರ ಘನ 125. ಒಂದೇ ಅಗಲದ ಚಪ್ಪಟೆ ಪಟ್ಟಿಗಳಾದರೆ ಐದರದ್ದು ಸುಮಾರು ನಾಲ್ಕೂವರೆ ಪಟ್ಟು ಬಿಗಿ, ತೂಕ ಮಾತ್ರ ಎರಡು ಪಟ್ಟೂ ಆಗುವುದಿಲ್ಲ. ಇಳಿಜಾರು ಹೆರೆದ ನಿಜವಾದ ಅಲಗಿನಲ್ಲಿ ವ್ಯತ್ಯಾಸ ಇಷ್ಟು ಇರುವುದಿಲ್ಲ, ಆದರೂ ಕೈಗೆ ಗೊತ್ತಾಗುತ್ತದೆ. ಇಲ್ಲೂ ಉಕ್ಕಿನ ಹೆಸರಿಗೆ ಕೆಲಸ ಇಲ್ಲ. ಮೆತ್ತನೆಯ ಉಕ್ಕಾಗಲಿ, ಹದ ಹಾಕಿದ ಗಡಸು ಉಕ್ಕಾಗಲಿ, ಸ್ಟೇನ್‌ಲೆಸ್ಸೇ ಆಗಲಿ, ಬಾಗುವ ಮಟ್ಟಿಗೆ ಎಲ್ಲವೂ ಬಹುಪಾಲು ಒಂದೇ: ಲೋಹದ ಬಿಗಿ ಅಳೆಯುವ ಲೆಕ್ಕದಲ್ಲಿ 200 ಗಿಗಾಪ್ಯಾಸ್ಕಲ್‌ನ ಆಸುಪಾಸು. ಹದ ಹಾಕುವುದರಿಂದ ಬದಲಾಗುವುದು, ಬಾಗಿದ್ದು ವಾಪಸ್ ನೇರ ಆಗುತ್ತದೋ ಇಲ್ಲವೋ ಅನ್ನುವುದು.

ಈ ಬಿಗಿ ಬೇಕಾಗುವುದು ಮುಖ್ಯವಾಗಿ ಸೌದೆ ಸೀಳುವಾಗ. ಅಲಗನ್ನು ಸೌದೆಯ ತಲೆಗೆ ಇಟ್ಟು, ಇನ್ನೊಂದು ದೊಣ್ಣೆಯಿಂದ ಬೆನ್ನಿಗೆ ಬಡಿಯುವ ಪದ್ಧತಿ. ಇದನ್ನು ಮಾಡುವುದಾದರೆ ಹಿಡಿಯೊಳಗೆ ಇಳಿದಿರುವ ಉಕ್ಕಿನ ನಾಲಿಗೆ, ಅಂದರೆ ಟ್ಯಾಂಗ್, ಹಿಡಿಯ ಕೊನೆಯವರೆಗೂ ಇರಬೇಕು. ನನ್ನ ಮಟ್ಟಿಗೆ ಇದು ಚಾಕುವಿನ ಕೆಲಸವೇ ಅಲ್ಲ. ಗಟ್ಟಿ ಮರದಲ್ಲಿ ಎರಡು ಬೆಣೆ ಹೆರೆದು ಬಡಿದರೆ ಸೌದೆ ತಾನಾಗಿ ಬಿಡುತ್ತದೆ. ಬೆಣೆ ಮುರಿದರೆ ಇನ್ನೊಂದು ಮಾಡಿಕೊಳ್ಳಬಹುದು.

ಈಗ ಉಕ್ಕಿಗೆ ಬರೋಣ. ದಪ್ಪ ಚಾಕುವಿನದು 1095 ಎಂಬ ಹೆಸರಿನ ಉಕ್ಕು. ಸುಮಾರು ನೂರಕ್ಕೆ 0.95 ಭಾಗ ಕಾರ್ಬನ್, ಒಂದಿಷ್ಟು ಮ್ಯಾಂಗನೀಸ್, ಉಳಿದದ್ದು ಬಹುತೇಕ ಕಬ್ಬಿಣ. ಇದನ್ನು 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ಎಣ್ಣೆಗೆ ಅದ್ದಿದರೆ, ಒಳಗಿನ ಕಾರ್ಬನ್ ಪರಮಾಣುಗಳಿಗೆ ಹೊರಬರಲು ಸಮಯವೇ ಸಿಗುವುದಿಲ್ಲ. ಸಿಕ್ಕಿಬಿದ್ದ ಅವು ಕಬ್ಬಿಣದ ಹರಳುಗಳನ್ನು ಎಳೆದು ಬಿಗಿ ಮಾಡುತ್ತವೆ. ಈ ರೂಪಕ್ಕೆ ಮಾರ್ಟೆನ್‌ಸೈಟ್ ಎಂದು ಹೆಸರು, ಜರ್ಮನಿಯ ಲೋಹ ವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸ್ ನೆನಪಿಗೆ. ಆ ಕ್ಷಣದಲ್ಲಿ ಅಲಗು ಗಾಜಿನಷ್ಟು ಪೆಡಸು, ಬಿದ್ದರೆ ಒಡೆದೀತು. ಅದಕ್ಕೇ ಮತ್ತೆ 200 ಡಿಗ್ರಿಯ ಸುಮಾರಿಗೆ ಬಿಸಿ ಮಾಡಿ ಸ್ವಲ್ಪ ಗಡಸುತನ ಬಿಟ್ಟುಕೊಟ್ಟು, ಏಟು ತಾಳುವ ಗುಣ ಪಡೆಯುತ್ತಾರೆ. ಕಮ್ಮಾರರು ಹದ ಅನ್ನುವುದು ಇದನ್ನೇ.

ಚಾಕುವಿನ ಡಬ್ಬಿಯ ಮೇಲೆ 56, 58 ಎಂಬ ರಾಕ್‌ವೆಲ್ ಅಂಕಿ ಇರುತ್ತದೆ. 120 ಡಿಗ್ರಿಯ ವಜ್ರದ ಮೊನೆಯನ್ನು 150 ಕಿಲೋ ಭಾರದಿಂದ ಒತ್ತಿ, ಎಷ್ಟು ಆಳ ಇಳಿಯಿತು ಎಂದು ಅಳೆದ ಲೆಕ್ಕ ಅದು. ಗಡಸುತನ ಹೇಳುತ್ತದೆ, ಚಕ್ಕೆ ಏಳುತ್ತದೋ ಇಲ್ಲವೋ ಅನ್ನುವುದನ್ನು ಹೇಳುವುದಿಲ್ಲ. ಅಂಚು ಹಾಳಾಗುವ ಬಗೆಯೇ ವಿಚಿತ್ರ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಶೇವಿಂಗ್ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿ, ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿರುವ ಕೂದಲು ಕೂಡ ಅಂಚಿನಿಂದ ಚಕ್ಕೆ ಎಬ್ಬಿಸಬಲ್ಲದು ಎಂದು ತೋರಿಸಿದರು. ಕೂದಲು ಓರೆಯಾಗಿ ಬಾಗಿ ತಾಗಬೇಕು, ಅದೇ ಜಾಗದಲ್ಲಿ ಉಕ್ಕಿನ ಒಳರಚನೆ ಏರುಪೇರಾಗಿರಬೇಕು, ಅಷ್ಟೇ. ಕೂದಲಿನ ಕತೆಯೇ ಹೀಗಾದರೆ, ಕೊಂಬೆಯ ಗಂಟಿಗೆ ಸಿಕ್ಕ ಚಾಕುವನ್ನು ಅಡ್ಡಡ್ಡ ತಿರುಚಿ ಎಳೆಯುವಾಗ ಅಂಚಿನ ಪಾಡು ಏನಾಗಬೇಕು!

ತೆಳು ಚಾಕುವಿನದು 12ಸಿ27: ಕಾರ್ಬನ್ 0.6 ಭಾಗ, ಕ್ರೋಮಿಯಂ 13.5. ಕಾರ್ಬನ್ ಯಾಕೆ ಕಡಿಮೆ ಅಂದರೆ, ಅದು ಜಾಸ್ತಿಯಾದಷ್ಟೂ ಕ್ರೋಮಿಯಂ ಜೊತೆ ಸೇರಿ ಗಟ್ಟಿ ಹರಳು ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿಕೊಂಡ ಕ್ರೋಮಿಯಂ ತುಕ್ಕು ತಡೆಯುವ ಕೆಲಸಕ್ಕೆ ಬರುವುದಿಲ್ಲ. ಬಿಡಿಯಾಗಿ ಉಳಿದದ್ದು ಮಾತ್ರ ಗಾಳಿಯ ಆಮ್ಲಜನಕ ಹಿಡಿದು, ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಕಟ್ಟುತ್ತದೆ. ಗೀರಿದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1913ರಲ್ಲಿ ಹ್ಯಾರಿ ಬ್ರೇರ್ಲಿ ಬಂದೂಕಿನ ನಳಿಕೆ ಸವೆಯದಂತೆ ಮಾಡಲು ಹೊರಟು ಇಂಥ ಉಕ್ಕಿಗೆ ಬಂದು ಮುಟ್ಟಿದ. ಆ ಊರಿನ ಕಸುಬೇ ಚಾಕು ಮಾಡುವುದು. ಹಾಗಾಗಿ ಅದು ಬಹುಬೇಗ ಊಟದ ಮೇಜಿಗೆ ಬಂತು.

ಕಾರ್ಬನ್ ಉಕ್ಕಿಗೆ ಈ ಪೊರೆ ಇಲ್ಲ. ಒಮ್ಮೆ ಮಳೆಯಲ್ಲಿ ನೆಂದ ಚರ್ಮದ ಒರೆಯಲ್ಲಿ ಅದನ್ನು ಮರೆತು ಎರಡು ದಿನ ಬಿಟ್ಟಿದ್ದೆ. ತೆಗೆದಾಗ ಅಲಗಿನ ತುಂಬ ಕಿತ್ತಳೆ ಚುಕ್ಕಿ. ಎಣ್ಣೆ ಹಾಕಿ ಉಜ್ಜಿದರೆ ಬಣ್ಣ ಹೋಯಿತು, ಅಡಿಯ ಸಣ್ಣ ಗುಳಿಗಳು ಇನ್ನೂ ಇವೆ. ತಪ್ಪು ನನ್ನದೇ, ಒದ್ದೆ ಚರ್ಮ ನೀರನ್ನು ಬಿಡುವುದೇ ಇಲ್ಲ. ಸೇಬು ಕೊಯ್ದ ಮೇಲೆ ಅಲಗಿಗೆ ಬರುವ ಬೂದು ನೀಲಿ ಬಣ್ಣದ ಕತೆಯೇ ಬೇರೆ. ಅದು ಹಣ್ಣಿನ ಹುಳಿ ಮತ್ತು ಒಗರು ಕಬ್ಬಿಣಕ್ಕೆ ತಾಗಿ ಬರುವ ಗಟ್ಟಿ ಪದರ. ಅದನ್ನು ಉಜ್ಜಿ ತೆಗೆಯಬೇಡಿ, ತುಕ್ಕಿಗೆ ಒಂದಿಷ್ಟಾದರೂ ಅಡ್ಡ ಬರುತ್ತದೆ.

ಕಾರ್ಬನ್ ಉಕ್ಕಾದರೆ ಬೆಂಕಿ ಹೊತ್ತಿಸಬಹುದು ಅನ್ನುವ ಮಾತೂ ಇದೆ. ಅರ್ಧ ಸತ್ಯ. ಬೆಣಚು ಕಲ್ಲಿಗೆ ಬಡಿದಾಗ ಕಿಡಿಯಾಗಿ ಉರಿಯುವುದು ಉಕ್ಕಿನ ಚೂರು, ಅಲ್ಲಿ ಕಾರ್ಬನ್ ಉಕ್ಕೇ ಬೇಕು. ಈಗ ಎಲ್ಲರೂ ಒಯ್ಯುವ ಫೆರೋ ಕಡ್ಡಿ, ಅಂದರೆ ಹೆರೆದರೆ ಕಿಡಿ ಉದುರುವ ಲೋಹದ ಕಡ್ಡಿಯಲ್ಲಿ ಉರಿಯುವುದು ಕಡ್ಡಿಯದ್ದೇ ಪುಡಿ. ಅದನ್ನು ಹೆರೆಯಲು ಬೆನ್ನಿನ ಮೂಲೆ ಚೂಪಾಗಿದ್ದರೆ ಸಾಕು. ನನ್ನ ಸ್ಟೇನ್‌ಲೆಸ್ ಚಾಕುವಿನ ಬೆನ್ನು ಚೂಪು. ಕಾರ್ಬನ್‌ನದ್ದು ದುಂಡಗೆ ಉಜ್ಜಿದೆ, ಕಿಡಿಯೇ ಬರುವುದಿಲ್ಲ.

ಮಸೆಯುವುದರಲ್ಲಿ ಎರಡೂ ಸುಲಭ, ಸಾದಾ ಮಸೆಗಲ್ಲು ಸಾಕು. ವೆನೇಡಿಯಂ ಜಾಸ್ತಿ ಇರುವ ದುಬಾರಿ ಉಕ್ಕುಗಳದ್ದು ಬೇರೆ ಪಾಡು. ಅವುಗಳೊಳಗಿನ ಹರಳು ಮಸೆಗಲ್ಲಿಗಿಂತ ಗಡಸು, ಕಾಡಿನಲ್ಲಿ ಕೂತು ಮಸೆಯಲು ಹೋದರೆ ಕೈ ಸೋಲುತ್ತದೆ.

ಇಷ್ಟೆಲ್ಲ ಕೇಳಿದ ಗೆಳೆಯ ತೆಳು ಚಾಕುವನ್ನು ಒರೆಗೆ ಹಾಕಿಕೊಂಡ. "ಸೇಬು?" ಅಂದೆ. "ಕಚ್ಚಿ ತಿಂತೀನಿ ಬಿಡು" ಅಂದ. ಹೋದ ಮೇಲೆ ದಪ್ಪ ಚಾಕುವನ್ನು ಮಸೆಗಲ್ಲಿನ ಮುಂದೆ ಇಟ್ಟುಕೊಂಡು ಕೂತೆ. ಆ 40 ಡಿಗ್ರಿಯನ್ನು 30ಕ್ಕೆ ಇಳಿಸಿದರೆ ಕೊಂಬೆಯನ್ನು ಕಚ್ಚೀತೇ ನೋಡೋಣ ಅಂತ.