ರಬ್ಬರ್ ಸೂಟಿನೊಳಗಿನ ವರ್ಗಮೂಲ

"ಅಯ್ಯೋ, ಅದು ಸೂಟ್ ಹಾಕ್ಕೊಂಡಿರೋ ಮನುಷ್ಯ ರೀ" ಅಂತ ಜಪಾನಿನ ಹಳೇ ಗಾಡ್ಜಿಲ್ಲಾ ಸಿನಿಮಾ ನೋಡಿ ನಗುವವರೇ ಜಾಸ್ತಿ. ಹೌದು, ಮನುಷ್ಯನೇ. ಹೆಸರು ಹರುವೊ ನಕಾಜಿಮಾ. ಆನೆ, ಕರಡಿ ಹೇಗೆ ನಡೆಯುತ್ತವೆ ಅಂತ ನೋಡಲು ಮೃಗಾಲಯಕ್ಕೆ ಹೋಗಿ ಕೂತಿದ್ದ ನಟ. ನನಗೆ ಕುತೂಹಲ ಇರೋದು ಬೇರೆ ಕಡೆ. ಎರಡು ಮೀಟರ್ ಸೂಟು 1954ರ ಆ ಕಪ್ಪು-ಬಿಳುಪು ಚಿತ್ರದಲ್ಲಿ ಐವತ್ತು ಮೀಟರ್ ಮೃಗದಂತೆ ಕಾಣೋದು ಹೇಗೆ?

ಪುಟ್ಟ ಪುಟ್ಟ ಕಟ್ಟಡ ಇಟ್ಟಿದ್ದರಿಂದ ಅನ್ನಬಹುದು. ಅದು ಅರ್ಧ ಉತ್ತರ. ಟೋಕಿಯೊ ನಗರವನ್ನು 25ರಲ್ಲಿ ಒಂದು ಪಾಲಿಗೆ ಕುಗ್ಗಿಸಿ ಕಟ್ಟಿದ್ದರು, ನಿಜ. ಆದರೆ ಭೂಮಿಯ ಗುರುತ್ವವನ್ನು ಯಾರೂ ಕುಗ್ಗಿಸಲಾರರು. ಐವತ್ತು ಮೀಟರ್ ಎತ್ತರದಿಂದ ಕಲ್ಲು ಬಿದ್ದರೆ ನೆಲ ಮುಟ್ಟಲು ಸುಮಾರು 3.2 ಸೆಕೆಂಡ್ ಬೇಕು. ಎರಡು ಮೀಟರ್ ಎತ್ತರದಿಂದ ಬಿದ್ದರೆ 0.64 ಸೆಕೆಂಡ್ ಸಾಕು. ಎತ್ತರ 25 ಪಟ್ಟು ಕಡಿಮೆಯಾದರೂ ಸಮಯ ಕಡಿಮೆಯಾಗಿದ್ದು ಐದೇ ಪಟ್ಟು. 25ರ ವರ್ಗಮೂಲ ಐದು, ಅಲ್ವಾ?

ಜೋಕಾಲಿಯಲ್ಲೂ ಇದೇ ಲೆಕ್ಕ. ಮಾವಿನ ಕೊಂಬೆಗೆ ಕಟ್ಟಿದ ಉದ್ದ ಹಗ್ಗದ ಜೋಕಾಲಿ ನಿಧಾನಕ್ಕೆ ತೂಗುತ್ತದೆ, ಗಿಡ್ಡ ಹಗ್ಗದ್ದು ಬೇಗ ಬೇಗ. ಹಗ್ಗ ನಾಲ್ಕು ಪಟ್ಟು ಉದ್ದವಾದರೆ ಒಂದು ತೂಗಿಗೆ ಎರಡು ಪಟ್ಟು ಸಮಯ. ಸೊಂಟದಿಂದ ತೂಗುವ ಕಾಲಿಗೂ ಹೆಚ್ಚುಕಮ್ಮಿ ಇದೇ ನಿಯಮ. ಹಾಗಾಗಿ ನಮ್ಮ ಕಣ್ಣು ಗಾತ್ರವನ್ನು ಅಳೆಯೋದು ಬರೀ ಉದ್ದ-ಅಗಲದಿಂದಲ್ಲ. ಬೀಳುವ, ತೂಗುವ, ಹೆಜ್ಜೆ ಹಾಕುವ ವೇಗದಿಂದಲೂ ಅಳೆಯುತ್ತದೆ.

ವಿಶೇಷ ದೃಶ್ಯಗಳ ಹೊಣೆ ಹೊತ್ತಿದ್ದ ಎಯ್ಜಿ ತ್ಸುಬುರಾಯ ಇದನ್ನು ಚೆನ್ನಾಗಿ ಬಲ್ಲವರು. ಸಿನಿಮಾ ತೆರೆಯ ಮೇಲೆ ಓಡೋದು ಸೆಕೆಂಡಿಗೆ 24 ಫ್ರೇಮಿನಂತೆ, ಅಂದರೆ 24 ಬಿಡಿ ಚಿತ್ರಗಳಂತೆ. ಲೆಕ್ಕದ ಪ್ರಕಾರ ಈ ಪುಟ್ಟ ಟೋಕಿಯೊವನ್ನು ಅದರ ಐದು ಪಟ್ಟು, ಅಂದರೆ 120 ಫ್ರೇಮಿನಲ್ಲಿ ಸೆರೆಹಿಡಿಯಬೇಕು. ಆಮೇಲೆ 24ರಲ್ಲಿ ತೋರಿಸಿದರೆ ಧೂಳು, ಇಟ್ಟಿಗೆ, ಬಾಲ ಎಲ್ಲವೂ ಭಾರಿ ತೂಕದ್ದಾಗಿ ಬೀಳುತ್ತವೆ. ಪ್ರತಿ ಶಾಟ್‌ಗೂ ಅಷ್ಟೇ ವೇಗ ಇಟ್ಟಿದ್ದರು ಅಂತಲ್ಲ. ಆದರೆ ಸೂತ್ರ ಇದೇ.

ಸೂತ್ರ ಸುಲಭ, ಅನುಭವಿಸಿದವನು ನಕಾಜಿಮಾ. ಫ್ರೇಮು ಐದು ಪಟ್ಟು ಹೆಚ್ಚಿದರೆ ಒಂದೊಂದು ಫ್ರೇಮಿಗೆ ಸಿಗುವ ಬೆಳಕು ಐದನೇ ಒಂದು ಪಾಲು. ಆದ್ದರಿಂದ ಐದು ಪಟ್ಟು ದೀಪ ಉರಿಸಬೇಕು. ಮೊದಲು ಮಾಡಿದ ಸೂಟಿನ ತೂಕವೇ ಸುಮಾರು 100 ಕಿಲೊ. ಅದನ್ನು ಹಾಕ್ಕೊಂಡು ನಡೆದಾಡಲಾಗದೆ ಎರಡು ತುಂಡಾಗಿ ಕತ್ತರಿಸಿದರು, ಹಗುರವಾದ ಇನ್ನೊಂದನ್ನು ಮಾಡಿದರು. ಅದರೊಳಗೂ ಆತ ಬೆವರಿ ಮೂರ್ಛೆ ಹೋದದ್ದುಂಟು. ಚಿತ್ರದಲ್ಲಿ ಕರಗುವ ವಿದ್ಯುತ್ ಗೋಪುರಗಳನ್ನು ಮೇಣದಿಂದ ಮಾಡಿದ್ದರು. ಬಿಸಿಗಾಳಿ ಮತ್ತು ದೀಪದ ಶಾಖಕ್ಕೆ ಅವು ಬಾಗಿ ಬಿದ್ದವು.

ತ್ಸುಬುರಾಯಗೆ ಮೊದಲು ಬೇಕಿದ್ದದ್ದು ಸೂಟೇ ಅಲ್ಲ. 1933ರ 'ಕಿಂಗ್ ಕಾಂಗ್'ನಂತೆ ಗೊಂಬೆಯನ್ನು ಚೂರು ಚೂರೇ ಸರಿಸಿ ಚಿತ್ರ ತೆಗೆಯುವ ಆಸೆ. ಅದಕ್ಕೆ ಏಳು ವರ್ಷ ಬೇಕು ಅಂತ ಲೆಕ್ಕ ಹಾಕಿ ಕೈಬಿಟ್ಟರು. ಒಳ್ಳೆಯದೇ ಆಯಿತು ಅಂತೀನಿ ನಾನು. ಗೊಂಬೆಗೆ ಗುರುತ್ವ ಗೊತ್ತಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಗೂ ಇಲ್ಲೇ ಕೈಹಾಕ್ತೀನಿ. ವಿಕಿರಣ ತಗುಲಿದ ಹಲ್ಲಿ ದೈತ್ಯನಾಯಿತು ಅಂತ ಕಥೆ ಹೇಳುವವರಿದ್ದಾರೆ. ವಿಕಿರಣ ಡಿಎನ್‌ಎಯನ್ನು ಮುರಿಯುತ್ತದೆ, ಜೀವಕೋಶ ಸಾಯಿಸುತ್ತದೆ, ಕ್ಯಾನ್ಸರ್ ತರುತ್ತದೆ. ಎತ್ತರ ಬೆಳೆಸೋದಿಲ್ಲ. ಚಿತ್ರದಲ್ಲೂ ಅದು ಸಮುದ್ರದಾಳದ ಪುರಾತನ ಪ್ರಾಣಿ. ಹೈಡ್ರೋಜನ್ ಬಾಂಬು ಅದರ ನೆಲೆ ಕೆಡಿಸಿತು, ಅಷ್ಟೇ. ಆ ಬಾಂಬಿನ ಹಿಂದೆ ನಿಜವಾದ ಘಟನೆ ಇತ್ತು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಸಿಡಿಸಿದ ಬಾಂಬು ಸುಮಾರು 6 ಮೆಗಾಟನ್ ಆಗುತ್ತದೆ ಅಂದುಕೊಂಡಿದ್ದರು. ಆದದ್ದು 15. ಬಾಂಬಿನ ಇಂಧನದಲ್ಲಿ ಸುಮ್ನೆ ಬಿದ್ದಿರುತ್ತದೆ ಅಂದುಕೊಂಡಿದ್ದ ಲಿಥಿಯಂ-7 ಕೂಡ ಸ್ಫೋಟಕ್ಕೆ ಕೈಜೋಡಿಸಿತ್ತು. ಆ ಬೂದಿ 'ಲಕ್ಕಿ ಡ್ರ್ಯಾಗನ್ 5' ಅನ್ನೋ ಜಪಾನಿ ಮೀನು ದೋಣಿಯ 23 ಜನರ ಮೇಲೆ ಸುರಿಯಿತು. ಸೆಪ್ಟೆಂಬರಿನಲ್ಲಿ ಅವರ ರೇಡಿಯೊ ಆಪರೇಟರ್ ತೀರಿಕೊಂಡರು. ನವೆಂಬರ್ 3ಕ್ಕೆ ಸಿನಿಮಾ ಬಿಡುಗಡೆ. ಥಿಯೇಟರಿನಲ್ಲಿ ಕೂತವರಿಗೆ ಅದು ಬರೀ ಕಥೆಯಾಗಿರಲಿಲ್ಲ.

ಸರಿ, ವರ್ಗಮೂಲಕ್ಕೆ ವಾಪಸ್ ಬರೋಣ. ನಿಧಾನದ ಉಪಾಯ ಘರ್ಜನೆಯಲ್ಲೂ ಇದೆ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಡಬಲ್ ಬಾಸ್ ಅನ್ನೋ ದೊಡ್ಡ ತಂತಿವಾದ್ಯದ ತಂತಿಯನ್ನು ಅಂಟು ಬಳಿದ ಚರ್ಮದ ಗ್ಲೌಸಿನಿಂದ ಉಜ್ಜಿಸಿ, ಆ ದನಿಯನ್ನು ನಿಧಾನ ಮಾಡಿಸಿದರು. ನಿಧಾನವಾದರೆ ಸ್ವರ ಇಳಿಯುತ್ತದೆ, ದೇಹ ದೊಡ್ಡದು ಅನ್ನಿಸುತ್ತದೆ.

ವೇಗ ಏರುಪೇರಾದರೆ? 1955ರ ಎರಡನೇ ಚಿತ್ರದಲ್ಲಿ ಅದೇ ಆಯಿತು. ಗಾಡ್ಜಿಲ್ಲಾ ಮತ್ತು ಆಂಗಿರಸ್ ಅನ್ನೋ ಇನ್ನೊಂದು ಮೃಗದ ಹೊಡೆದಾಟಕ್ಕೆ ಇಟ್ಟಿದ್ದ ಕ್ಯಾಮೆರಾ ಒಂದು ತಪ್ಪಿ ನಿಧಾನ ಓಡಿತು, ತೆರೆಯ ಮೇಲೆ ಮೃಗಗಳು ಸರಸರ ಕಚ್ಚಾಡಿದವು. ತ್ಸುಬುರಾಯಗೆ ಅದು ಇಷ್ಟವಾಗಿ ಹಾಗೇ ಉಳಿಸಿಕೊಂಡರು. ನನಗಂತೂ ಆ ಶಾಟ್‌ಗಳಲ್ಲಿ ಮೃಗಗಳು ಆಳೆತ್ತರಕ್ಕೆ ಇಳಿದುಬಿಡುತ್ತವೆ.

ಕ್ಯಾಮೆರಾ ಎಷ್ಟೇ ವೇಗವಾಗಿ ಓಡಿದರೂ ಬಗ್ಗದ ವಸ್ತು ಒಂದಿದೆ, ನೀರು. ಹನಿಯ ಗಾತ್ರ ನಿರ್ಧರಿಸೋದು ಬಹುಮಟ್ಟಿಗೆ ಮೇಲ್ಮೈ ಎಳೆತ, ಅಂದರೆ ನೀರಿನ ಮೈಯನ್ನು ಒಟ್ಟಾಗಿ ಹಿಡಿದಿಡುವ ಸೆಳೆತ. ಅದು ಮಾದರಿ ಹಡಗಿನ ಜೊತೆ ಕುಗ್ಗುವುದಿಲ್ಲ. 25ನೇ ಒಂದು ಪಾಲಿನ ಸಮುದ್ರದಲ್ಲಿ 5 ಮಿಲಿಮೀಟರ್ ಹನಿ ತೆರೆಯ ಮೇಲೆ 12 ಸೆಂಟಿಮೀಟರ್ ದಾಟುತ್ತದೆ. ಇದಕ್ಕೆ ಇರುವ ದಾರಿ ಅಂದ್ರೆ ಹಡಗನ್ನೂ ಕೊಳವನ್ನೂ ಆದಷ್ಟು ದೊಡ್ಡದು ಮಾಡೋದು. ಈ ಚಿತ್ರಗಳನ್ನು ತಯಾರಿಸಿದ ತೋಹೊ ಸ್ಟುಡಿಯೊ 1960ರಲ್ಲಿ ಅಂಥದ್ದೊಂದು ಭಾರಿ ಕೊಳ ಕಟ್ಟಿಸಿತು.