ಕಪ್ಪು ನಾಲ್ಕು ಅಂದ್ರೆ ಐದೂವರೆ: ಹೊಸ ಹಾಡು ಹುಡುಕ್ಲಿಕ್ಕೆ, ಸ್ವಂತದ್ದು ಮಾಡ್ಲಿಕ್ಕೆ ನನ್ನ ಟಿಪ್ಪಣಿ

ಆನ್‌ಲೈನಲ್ಲಿ ಹೊಸ ಸಂಗೀತ ಹುಡುಕಿ ಕೇಳುವ, ಹಾಗೇ ಒಂದೆರಡು ಟ್ರ್ಯಾಕ್ ನಾವೇ ಮಾಡುವ ಅಂತ ಹೊರಟವರಿಗೆ ಈ ನೋಟ್ಸು. ಅಕೌಂಟ್ ತೆರೆಯುವುದು, ಟ್ರ್ಯಾಕ್ ಸೇರಿಸುವುದು ಎಲ್ಲ ಬರೆಯುದಿಲ್ಲ, ಎರಡು ಸಲ ಒತ್ತಿ ನೋಡಿದ್ರೆ ಬರ್ತದೆ. ಶ್ರುತಿಯ (ಹಾಡಿನ ಆಧಾರ ಸ್ವರದ) ಲೆಕ್ಕ ಮಾತ್ರ ಉದ್ದ ಆಗ್ತದೆ, ನನ್ನ ತಲೆ ತಿರುಗಿದ್ದು ಅಲ್ಲೇ.

ಹುಡುಕುವುದು

ಕಾಸರಗೋಡಲ್ಲಿ ಕೂತು ಯಾವ ಆ್ಯಪ್ ತೆರೆದ್ರೂ ಹೆಚ್ಚಾಗಿ ಮಲಯಾಳಂ ಹಾಡೇ ಮೊದಲು ಬರುವುದು, ಲೊಕೇಶನ್ ಕೇರಳ ಅಲ್ವಾ. ಬೇಜಾರಿಲ್ಲ, ಮಾಪ್ಪಿಳೆ ಪಾಟ್ಟು ನನಗೂ ಇಷ್ಟವೇ, ಆದ್ರೆ ಯಕ್ಷಗಾನದ ತೆಂಕುತಿಟ್ಟಿನ ಹಾಡುಗಾರಿಕೆ, ತುಳು ಪಾಡ್ದನ, ಬೆಂಗ್ಳೂರಿನ ಯಾವುದೋ ಹುಡುಗರ ಬ್ಯಾಂಡು ಇದೆಲ್ಲ ತಾನಾಗಿ ಎದುರಿಗೆ ಬರುದಿಲ್ಲ. ಶಿಫಾರಸು ಮುಖ್ಯವಾಗಿ ನೋಡುವುದು ಈ ಹಾಡು ಕೇಳಿದವರು ಇನ್ನು ಯಾವುದನ್ನೆಲ್ಲ ಕೇಳಿದ್ರು ಅಂತ. ಸ್ಪಾಟಿಫೈಯ ಡಿಸ್ಕವರ್ ವೀಕ್ಲಿ (2015ರಲ್ಲಿ ಶುರುವಾದದ್ದು, ಸೋಮವಾರ ಸೋಮವಾರ 30 ಹಾಡು) ಇದಕ್ಕೆ ಒಳ್ಳೆ ಉದಾಹರಣೆ. ಕಡಿಮೆ ಜನ ಕೇಳಿದ ಹಾಡಿನ ಬಗ್ಗೆ ಅದಕ್ಕೆ ಹೇಳ್ಲಿಕ್ಕೆ ಜಾಸ್ತಿ ಏನೂ ಇರುದಿಲ್ಲ.

ನಮ್ಮ ಊರಿನವರಿಗೆ ಒಂದು ಉಪಾಯ ಉಂಟು. ಒಂದೇ ಹೆಸರನ್ನು ಕನ್ನಡ ಲಿಪಿಯಲ್ಲಿ, ಮಲಯಾಳಂ ಲಿಪಿಯಲ್ಲಿ, ಇಂಗ್ಲಿಷಲ್ಲಿ ಬೇರೆ ಬೇರೆ ಹೊಡೆದು ನೋಡಿ, ಬರುವ ಪಟ್ಟಿಯೇ ಬೇರೆ. ಇನ್ನೊಂದು, ಹಾಡುವವರ ಹೆಸರು ಬಿಟ್ಟು ಪಕ್ಕವಾದ್ಯದವರ ಹೆಸರು ಹಿಡಿದು ಹುಡುಕಿ. ಬ್ಯಾಂಡ್‌ಕ್ಯಾಂಪಲ್ಲಿ (ಕಲಾವಿದರೇ ತಮ್ಮ ಹಾಡು ಹಾಕಿ ಮಾರುವ ಸೈಟು) ಊರಿನ ಹೆಸರಿನ ಟ್ಯಾಗ್ ಮೇಲೂ ಹುಡುಕ್ಲಿಕ್ಕೆ ಆಗ್ತದೆ.

ಶ್ರುತಿ (ಇದೇ ಮುಖ್ಯ)

ಟ್ರ್ಯಾಕ್ ಮಾಡ್ಲಿಕ್ಕೆ ನಾನು ಬಳಸುವುದು ಬ್ಯಾಂಡ್‌ಲ್ಯಾಬ್, ಬ್ರೌಸರಲ್ಲೇ ನಡೀತದೆ, ದುಡ್ಡು ಕೊಡಬೇಕಾಗಿಲ್ಲ. ಅಲ್ಲಿ ಲೂಪ್‌ಗಳ (ಮತ್ತೆ ಮತ್ತೆ ತಿರುಗಿಸುವ ಸಿದ್ಧ ತುಂಡುಗಳ) ಮೇಲೆ ಸಿ, ಎ ಮೈನರ್ ಅಂತೆಲ್ಲ ಬರೆದಿರ್ತದೆ. ಸಂಗೀತ ಕ್ಲಾಸಿನಲ್ಲಿ ನಾವು ಹೇಳುವುದು ಒಂದೂವರೆ ಮನೆ, ಐದೂವರೆ ಮನೆ. ಯಕ್ಷಗಾನದವರು ಹಾರ್ಮೋನಿಯಂ ಕೀಯ ಬಣ್ಣ ಹಿಡಿದು ಹೇಳುವುದು ಕಪ್ಪು ಎರಡು, ಬಿಳಿ ನಾಲ್ಕು. ಆ್ಯಪ್ ಕೇಳುವುದು ಸೆಮಿಟೋನ್ (ಒಂದು ಕೀಯಿಂದ ಪಕ್ಕದ ಕೀಗೆ ಇರುವ ಅಂತರ) ಎಷ್ಟು ಅಂತ, ಪ್ಲಸ್ಸಾ ಮೈನಸ್ಸಾ ಅಂತ. ನಾಲ್ಕು ಜನ ನಾಲ್ಕು ಭಾಷೆ!

ಹಾರ್ಮೋನಿಯಂ ಎದುರು ಇಟ್ಕೊಂಡ್ರೆ ಬಿಡಿಸ್ಲಿಕ್ಕೆ ಆಗ್ತದೆ. ಬಿಳಿ 1 ಅಂದ್ರೆ ಸಿ, ಅದಕ್ಕೆ ಸೊನ್ನೆ ಅಂತ ಇಡಿ. ಆಮೇಲೆ ಬಿಳಿ ಕಪ್ಪು ಭೇದ ಮಾಡದೆ ಪ್ರತಿ ಕೀಗೆ ಒಂದೊಂದು ಎಣಿಸ್ತಾ ಹೋಗಿ: ಕಪ್ಪು 1 ಆದ್ರೆ 1, ಬಿಳಿ 2 ಆದ್ರೆ 2, ಕಪ್ಪು 2 ಆದ್ರೆ 3, ಬಿಳಿ 3 ಆದ್ರೆ 4, ಬಿಳಿ 4 ಆದ್ರೆ 5, ಕಪ್ಪು 3 ಆದ್ರೆ 6, ಬಿಳಿ 5 ಆದ್ರೆ 7, ಕಪ್ಪು 4 ಆದ್ರೆ 8, ಬಿಳಿ 6 ಆದ್ರೆ 9, ಕಪ್ಪು 5 ಆದ್ರೆ 10, ಬಿಳಿ 7 ಆದ್ರೆ 11. ಮನೆ ಲೆಕ್ಕದಲ್ಲಿ ಬಿಳಿಗೆ ಅದೇ ನಂಬರು, ಕಪ್ಪಿಗೆ ಮಾತ್ರ ಅದರ ಎಡಗಡೆಯ ಬಿಳಿಗೆ ಅರ್ಧ ಸೇರಿಸುವುದು. ಕಪ್ಪು 1 ಒಂದೂವರೆ, ಕಪ್ಪು 2 ಎರಡೂವರೆ, ಅಲ್ಲಿವರೆಗೆ ಸರಿ. ಆದ್ರೆ ಬಿಳಿ 3ಕ್ಕೂ 4ಕ್ಕೂ ನಡುವೆ ಕಪ್ಪೇ ಇಲ್ಲ, ಹಾಗಾಗಿ ಮೂರೂವರೆ ಅಂತ ಶ್ರುತಿಯೇ ಇಲ್ಲ. ಕಪ್ಪು 3 ಹಾರಿ ನಾಲ್ಕೂವರೆ ಆಗ್ತದೆ, ಕಪ್ಪು 4 ಐದೂವರೆ. ಭಾಗವತರು (ಯಕ್ಷಗಾನದಲ್ಲಿ ಹಾಡುವವರು) ಕಪ್ಪು ನಾಲ್ಕು ಅಂದದ್ದನ್ನು ನಾಲ್ಕೂವರೆ ಅಂತ ಹಿಡ್ಕೊಂಡ್ರೆ ಎರಡು ಸೆಮಿಟೋನ್ ತಪ್ತದೆ, ಇಡೀ ಒಂದು ಚತುಶ್ರುತಿ ರಿಷಭದಷ್ಟು.

ಇದೇ ಕಾರಣಕ್ಕೆ ಮನೆ ನಂಬರನ್ನು ನೇರ ಕಳೀಬೇಡಿ. ಟ್ರ್ಯಾಕ್ ಐದೂವರೆಯಲ್ಲಿ ಉಂಟು, ನಿಮ್ಮ ಸ್ವರ ಒಂದೂವರೆ ಅಂತ ಇಟ್ಕೊಳ್ಳಿ. ಐದೂವರೆಯಲ್ಲಿ ಒಂದೂವರೆ ಕಳೆದ್ರೆ 4, ಅದು ಉಪಯೋಗಕ್ಕಿಲ್ಲ. ಎಣಿಕೆಯಲ್ಲಿ 8ರಿಂದ 1 ಕಳೀರಿ, 7 ಬಂತು, ಅಂದ್ರೆ 7 ಕೆಳಗೆ ಇಳಿಸ್ಬೇಕು. ಏಳು ಅಂದ್ರೆ ತುಂಬ ದೂರ, ಧ್ವನಿ ಗುಹೆಯೊಳಗೆ ಹೋದ ಹಾಗೆ ಕೇಳ್ತದೆ. ಉತ್ತರ 6ಕ್ಕಿಂತ ಜಾಸ್ತಿ ಬಂದ್ರೆ 12ರಿಂದ ಕಳೆದು ದಿಕ್ಕು ತಿರುಗಿಸಿ: 7 ಕೆಳಗೆ ಬದಲು 5 ಮೇಲೆ. ಷಡ್ಜ (ಸ) ಅದೇ ಸಿಗ್ತದೆ, ಸ್ಥಾಯಿ ಮಾತ್ರ ಬೇರೆ. ಐದೂ ಜಾಸ್ತಿಯೇ, ಎರಡು ಮೂರರ ಒಳಗೆ ಮುಗಿಯುವ ಟ್ರ್ಯಾಕ್ ಸಿಕ್ಕಿದ್ರೆ ಅದೇ ಒಳ್ಳೇದು.

ಸ್ಪೀಡ್ ಬಟನಿಂದ ಶ್ರುತಿ ಏರಿಸ್ಲಿಕ್ಕೆ ಹೋಗ್ಬೇಡಿ. ಹಾಗೆ ಮಾಡಿದ್ರೆ ಒಂದು ಸೆಮಿಟೋನಿಗೆ ಸುಮಾರು 6% ವೇಗವೂ ಏರ್ತದೆ, 120 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟು ಅಂತ) ಇದ್ದದ್ದು 127 ಆಗಿರ್ತದೆ. ಪಿಚ್ ಅಂತ ಬೇರೆ ಇರ್ತದೆ, ಅದನ್ನು ಮುಟ್ಟಿ.

ಈಗ ನನ್ನ ಪ್ರೀತಿಯ ಅಡ್ಡದಾರಿ. ಮೋಹನ ರಾಗದಲ್ಲಿ ಏನಾದ್ರೂ ಮಾಡ್ಬೇಕು, ಷಡ್ಜ ಬಿಳಿ 1. ಸ್ವರಗಳು ಸಿ, ಡಿ, ಇ, ಜಿ, ಎ. ಇದೇ ಐದನ್ನು ಎಯಿಂದ ಶುರು ಮಾಡಿ ಓದಿ: ಎ, ಸಿ, ಡಿ, ಇ, ಜಿ. ಪಾಶ್ಚಾತ್ಯರಲ್ಲಿ ಅದು ಎ ಮೈನರ್ ಪೆಂಟಾಟೋನಿಕ್, ನಮ್ಮಲ್ಲಿ ಮೋಹನದ ಧೈವತವನ್ನೇ ಷಡ್ಜ ಮಾಡಿದ್ರೆ ಸಿಗುವ ಶುದ್ಧ ಧನ್ಯಾಸಿ. ಗ್ರಹಭೇದ ಅಂತ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರ್ತದೆ ಅಂತ ಯಾರಿಗೆ ಗೊತ್ತಿತ್ತು ಮಾರ್ರೆ! ಅಂದ್ರೆ ಎ ಮೈನರ್ ಅಂತ ಬರೆದ ಲೂಪ್ ಬಿಳಿ 1ರ ಮೋಹನಕ್ಕೆ ಕೂತ್ಕೊಳ್ತದೆ. ಸೂತ್ರ ಇಷ್ಟೆ, ನಿಮ್ಮ ಷಡ್ಜದಿಂದ ಮೂರು ಸೆಮಿಟೋನ್ ಕೆಳಗಿನ ಮೈನರ್ ಹುಡುಕಿ. ಷಡ್ಜ ಕಪ್ಪು 1 ಆದ್ರೆ ಎ ಶಾರ್ಪ್ ಮೈನರ್, ಕೆಲವು ಕಡೆ ಬಿ ಫ್ಲಾಟ್ ಮೈನರ್ ಅಂತ ಬರೆದಿರ್ತಾರೆ, ಎರಡೂ ಒಂದೇ ಕೀ. ಲೇಬಲ್ ನೋಡಿ ಮಾತ್ರ ನಂಬ್ಬೇಡಿ, ಏಳೂ ಸ್ವರ ಇರುವ ಮೈನರ್ ಲೂಪಲ್ಲಿ ಎಫ್, ಬಿ ಬರ್ತದೆ, ಅದು ಮೋಹನದಲ್ಲಿಲ್ಲದ ಮಧ್ಯಮ ನಿಷಾದ. ಒಂದು ಸಲ ಕಿವಿಕೊಟ್ಟು ಕೇಳಿಯೇ ಹಾಕಿ.

ತಾಳ

ಆ್ಯಪಿನ ಗೆರೆ ನಾಲ್ಕು ನಾಲ್ಕು ಬೀಟಾಗಿ ಇರ್ತದೆ, ನಾಲ್ಕು ಬೀಟಿಗೆ ಒಂದು ಬಾರ್. ತ್ರಿವುಡೆ ತಾಳದ ಒಂದು ಆವರ್ತಕ್ಕೆ (ಸುತ್ತಿಗೆ) 7, ಹಾಗಾಗಿ 28ರಲ್ಲಿ ಕೂಡಿಕೊಳ್ತದೆ, ನಿಮ್ಮದು 4 ಆವರ್ತ, ಅದರದ್ದು 7 ಬಾರ್. ಜಂಪೆಯ 10ಕ್ಕೆ 20, ಅಂದ್ರೆ 5 ಬಾರ್. ಅಷ್ಟು ಉದ್ದಕ್ಕೆ ಕತ್ತರಿಸಿ ಲೂಪ್ ಮಾಡಿ, ಸಾಕು.

ಹಿಂದೆ ಬೀಳುವುದು

ಬ್ಲೂಟೂತ್ ಇಯರ್‌ಫೋನ್ ಹಾಕ್ಕೊಂಡು ರೆಕಾರ್ಡ್ ಮಾಡ್ಬೇಡಿ. ತಡ ಸುಲಭದಲ್ಲಿ 100 ಮಿಲಿಸೆಕೆಂಡ್ ದಾಟ್ತದೆ. 120 ಬಿಪಿಎಂನಲ್ಲಿ ಒಂದು ಬೀಟಿಗೆ 500 ಮಿಲಿಸೆಕೆಂಡ್, ಅಂದ್ರೆ ಹೆಚ್ಚುಕಮ್ಮಿ ಕಾಲು ಬೀಟು ಹಿಂದೆ. ಎಷ್ಟು ಚೆನ್ನಾಗಿ ತಾಳ ಹಾಕಿದ್ರೂ ಕೇಳುವವರಿಗೆ ತಾಳವೇ ಗೊತ್ತಿಲ್ಲದವನ ಹಾಗೆ ಕಾಣ್ತದೆ. ವಯರ್ ಇರುವುದೇ ಹಾಕಿ. ಅದರಲ್ಲೂ ಸ್ವಲ್ಪ ತಡ ಇರ್ತದೆ: ಇಯರ್‌ಫೋನನ್ನು ಮೈಕಿಗೆ ತಾಗಿಸಿ ಹಿಡಿದು ಮೆಟ್ರೊನೋಮ್ ಶಬ್ದವನ್ನೇ ರೆಕಾರ್ಡ್ ಮಾಡಿ, ಗೆರೆಯಿಂದ ಎಷ್ಟು ದೂರ ಬಿದ್ದಿದೆ ನೋಡಿ, ಇನ್ನು ಮುಂದೆ ರೆಕಾರ್ಡ್ ಮಾಡಿದ್ದನ್ನೆಲ್ಲ ಅಷ್ಟೇ ಎಡಕ್ಕೆ ಎಳೀರಿ.

ಆನ್‌ಲೈನಿಗೆ ಹಾಕುವ ಮೊದಲು

ಕುಂಬಳೆಯ ಹಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯದ ಸಾಹಿತ್ಯ ಯಾರೂ ಹಾಡ್ಬಹುದು, ಪುರಂದರದಾಸರದ್ದೂ ಅಷ್ಟೆ. ಆದ್ರೆ ಈಗಿನ ಭಾಗವತರೊಬ್ಬರು ಹಾಡಿದ ರೆಕಾರ್ಡಿಂಗಿನಿಂದ ತುಂಡು ಕತ್ತರಿಸಿ ನಿಮ್ಮ ಟ್ರ್ಯಾಕಿಗೆ ಸೇರಿಸ್ಲಿಕ್ಕಾಗುದಿಲ್ಲ, ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇರ್ತದೆ, ಕೇಳಿಯೇ ಬಳಸ್ಬೇಕು. ಕ್ರಿಯೇಟಿವ್ ಕಾಮನ್ಸ್ ಅಂತ ಕಂಡ ಕೂಡ್ಲೆ ಖುಷಿ ಪಡ್ಬೇಡಿ, ಪಕ್ಕದಲ್ಲಿ ಎನ್‌ಡಿ ಅಂತ ಇದ್ರೆ ಬದಲಾಯಿಸಿ ಹಂಚ್ಲಿಕ್ಕೆ ಅನುಮತಿ ಇಲ್ಲ, ಎನ್‌ಸಿ ಇದ್ರೆ ವ್ಯಾಪಾರಕ್ಕೆ ಬಳಸ್ಲಿಕ್ಕಿಲ್ಲ. ಬರೀ ಬಿವೈ ಇದ್ರೆ ಮಾಡಿದವರ ಹೆಸರು ಹಾಕಿ ಧಾರಾಳ ಬಳಸಿ.