ಪದ ಪರಿಚಯ: ಡೊಮೆಸ್ಟಿಕ್ ಥ್ರಿಲ್ಲರ್

ಮನೆಗೆ ಬಂದವರು ಎಲ್ಲಿಯವರೆಗೆ ಬರುತ್ತಾರೆ ಅನ್ನುವುದನ್ನು ನೋಡಿಯೇ ಅವರು ಎಷ್ಟು ಹತ್ತಿರದವರು ಅಂತ ಹೇಳಬಹುದು. ಪರಿಚಯದವರು ಹಾಲ್‌ನಲ್ಲಿ ಕೂರುತ್ತಾರೆ, ಕೊಟ್ಟ ಕಾಫಿ ಕುಡಿದು ಹೊರಡುತ್ತಾರೆ. ಗೆಳತಿ ಚಪ್ಪಲಿ ಬಿಟ್ಟವಳೇ ಸೀದಾ ಅಡುಗೆ ಮನೆಗೆ ಬರುತ್ತಾಳೆ. ಸಕ್ಕರೆ ಡಬ್ಬ ಯಾವುದು ಅಂತ ಅವಳಿಗೆ ಗೊತ್ತು. ಇನ್ನೊಂದು ಬೀಗದ ಕೈ ತುಳಸಿ ಕುಂಡದ ಹಿಂದೆ ಇದೆ ಅನ್ನುವುದೂ ಗೊತ್ತು. ಹೋದ ತಿಂಗಳು ಗಂಡ ಹೆಂಡತಿ ಯಾಕೆ ಜಗಳ ಆಡಿದರು ಅನ್ನುವುದಂತೂ ಚೆನ್ನಾಗಿ ಗೊತ್ತು.

ಡೊಮೆಸ್ಟಿಕ್ ಥ್ರಿಲ್ಲರ್ ಕಾದಂಬರಿಗಳು ಹುಟ್ಟುವುದು ಇಲ್ಲಿ. ಮನೆಯೊಳಗೆ, ನಂಬಿದವರ ನಡುವೆಯೇ ನಡೆಯುವ ಭಯದ ಕಥೆಗಳಿವು. ಗಂಡ, ಹೆಂಡತಿ, ಅತ್ತಿಗೆ, ಪಕ್ಕದ ಮನೆಯವರು, ಜೀವದ ಗೆಳತಿ, ಇವರಲ್ಲಿ ಒಬ್ಬರು ತೋರಿಸಿಕೊಂಡ ಹಾಗೆ ಇರುವುದಿಲ್ಲ. ನಮ್ಮ ಪತ್ತೇದಾರಿ ಕಾದಂಬರಿಗಳನ್ನು ನೆನಪಿಸಿಕೊಳ್ಳಿ. ಎನ್. ನರಸಿಂಹಯ್ಯನವರ ಕಥೆಯಲ್ಲಿ ಎಂಥ ಗಂಟಿದ್ದರೂ ಬಿಡಿಸಲು ಪತ್ತೇದಾರ ಪುರುಷೋತ್ತಮ ಬರುತ್ತಾನೆ. ಡೊಮೆಸ್ಟಿಕ್ ಥ್ರಿಲ್ಲರ್‌ನಲ್ಲಿ ಹಾಗೆ ಹೊರಗಿನಿಂದ ಬಂದು ಕಾಪಾಡುವವರು ಕಡಿಮೆ. ಪೊಲೀಸರು ಬಂದರೂ ತಡವಾಗಿ ಬರುತ್ತಾರೆ. ಅಷ್ಟು ಹೊತ್ತಿಗೆ ಆಗಬೇಕಾದ್ದೆಲ್ಲ ಆಗಿರುತ್ತದೆ.

ಇದಕ್ಕೇ ‘ಡೊಮೆಸ್ಟಿಕ್ ನ್ವಾರ್’ ಅಂತಲೂ ಒಂದು ಹೆಸರಿದೆ. ನ್ವಾರ್ ಅಂದರೆ ಫ್ರೆಂಚ್‌ನಲ್ಲಿ ಕಪ್ಪು. 1946ರಲ್ಲಿ ನಿನೊ ಫ್ರಾಂಕ್ ಎಂಬ ವಿಮರ್ಶಕ ಆಗಿನ ಹಾಲಿವುಡ್ ಅಪರಾಧ ಚಿತ್ರಗಳನ್ನು ‘ಫಿಲ್ಮ್ ನ್ವಾರ್’ ಎಂದು ಕರೆದ. ಮಳೆ ನೆನೆದ ಬೀದಿ, ಸಿಗರೇಟಿನ ಹೊಗೆ, ಅರ್ಧ ಮುಖಕ್ಕೆ ಮಾತ್ರ ಬೆಳಕು, ಅಂಥ ಚಿತ್ರಗಳು. 2013ರಲ್ಲಿ ಬ್ರಿಟನ್‌ನ ಕಾದಂಬರಿಗಾರ್ತಿ ಜೂಲಿಯಾ ಕ್ರೌಚ್ ಆ ಕತ್ತಲನ್ನು ಬೀದಿಯಿಂದ ಎತ್ತಿ ಮನೆಯೊಳಗೆ ತಂದಿಟ್ಟು, ತಾನು ಬರೆಯುವ ಬಗೆಯ ಕಥೆಗಳಿಗೆ ಡೊಮೆಸ್ಟಿಕ್ ನ್ವಾರ್ ಎಂದು ಹೆಸರಿಟ್ಟರು. ಹೆಂಗಸರಿಗೆ ಮನೆ ಅನ್ನುವುದು ಯಾವಾಗಲೂ ಸುರಕ್ಷಿತ ಜಾಗ ಆಗಿರಬೇಕಿಲ್ಲ ಅನ್ನುವ ನೋಟ ಆ ಹೆಸರಿನ ಹಿಂದಿದೆ. ಅದರ ಹಿಂದಿನ ವರ್ಷವೇ ‘ಗಾನ್ ಗರ್ಲ್’ ಬಂದು ಜಗತ್ತಿನ ತುಂಬ ಓದಿಸಿಕೊಂಡಿತ್ತು. 2015ರಲ್ಲಿ ‘ದ ಗರ್ಲ್ ಆನ್ ದ ಟ್ರೈನ್’ ಬಂತು. ಆಮೇಲೆ ಇಂಥ ಪುಸ್ತಕಗಳ ಸುರಿಮಳೆ.

ಕ್ರೌಚ್ ಅವರ ಮೊದಲ ಕಾದಂಬರಿ ‘ಕುಕೂ’ 2011ರದು. ಕಥಾನಾಯಕಿ ರೋಸ್‌ಳ ಗೆಳತಿಯ ಗಂಡ ತೀರಿಕೊಂಡಿದ್ದಾನೆ. ಅವಳು ಇಬ್ಬರು ಗಂಡು ಮಕ್ಕಳೊಂದಿಗೆ ಗ್ರೀಸ್‌ನಿಂದ ಬರುತ್ತಾಳೆ. ರೋಸ್ ಎರಡು ಮಾತಾಡದೆ ತನ್ನ ಮನೆಯಲ್ಲಿ ಇರಿಸಿಕೊಳ್ಳುತ್ತಾಳೆ. ಕಷ್ಟದಲ್ಲಿರುವ ಗೆಳತಿಗೆ ಬೇಡ ಅನ್ನಲಾಗುತ್ತದೆಯೇ? ಅಲ್ಲಿಂದ ಮನೆ ಸ್ವಲ್ಪ ಸ್ವಲ್ಪವಾಗಿ ರೋಸ್ ಕೈ ತಪ್ಪುತ್ತಾ ಹೋಗುತ್ತದೆ. ‘ಕುಕೂ’, ಅಂದರೆ ಕೋಗಿಲೆ, ಅನ್ನುವ ಈ ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೋಗಿಲೆ ಅಂದ ತಕ್ಷಣ ನಮಗೆ ನೆನಪಾಗುವುದು ಮಾವಿನ ಚಿಗುರು, ಇಂಪಾದ ದನಿ. ಇಂಗ್ಲಿಷ್ ಓದುಗರಿಗೆ ಕುಕೂ ಅಂದರೆ ಇನ್ನೊಂದು ಹಕ್ಕಿಯ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುವ ಹಕ್ಕಿಯೂ ಹೌದು. ನಮ್ಮ ಕೋಗಿಲೆಯೂ ಕಾಗೆಯ ಗೂಡಿನಲ್ಲಿ ಅದನ್ನೇ ಮಾಡುತ್ತದೆ. ‘ಪರಪುಷ್ಟ’ ಎಂಬ ಹಳೆಯ ಹೆಸರಿಗೆ ಬೇರೆಯವರು ಸಾಕಿದ್ದು ಅಂತಲೇ ಅರ್ಥ. ನಾವು ಹಾಡನ್ನು ಇಟ್ಟುಕೊಂಡು ಗೂಡನ್ನು ಮರೆತಿದ್ದೇವೆ ಅಷ್ಟೇ.

ಇಂಥ ಕಥೆಗಳಲ್ಲಿ ಗಂಡನ ಮೋಸಕ್ಕಿಂತ ಗೆಳತಿಯ ಮೋಸವೇ ನನ್ನನ್ನು ಜಾಸ್ತಿ ಅಲುಗಾಡಿಸುತ್ತದೆ. ಗಂಡ ಮೋಸ ಮಾಡಿದರೆ ಕೋರ್ಟಿದೆ. ಅಣ್ಣತಮ್ಮಂದಿರು ಕಿತ್ತಾಡಿದರೆ ಪಾಲು ಮಾಡಿಸಲು ಹಿರಿಯರಿದ್ದಾರೆ. ಗೆಳೆತನಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ, ಮುರಿದರೆ ಅದಕ್ಕೊಂದು ಹೆಸರೂ ಇಲ್ಲ. ಯಾರ ಹತ್ತಿರ ಹೋಗಿ ದೂರುವುದು? ದೂರು ಹೇಳಿಕೊಳ್ಳಲು ಇಷ್ಟು ದಿನ ಇದ್ದವಳೇ ಅವಳು. ಈ ಒಂಟಿತನವನ್ನು ಚೆನ್ನಾಗಿ ಹಿಡಿದ ಕಾದಂಬರಿಗೆ ಕೊಲೆಯೂ ಬೇಕಾಗುವುದಿಲ್ಲ.

ಇಂಥ ಪುಸ್ತಕಗಳ ಜೊತೆ ಬರುವ ಇನ್ನೊಂದು ಪದ ‘ಗ್ಯಾಸ್‌ಲೈಟಿಂಗ್’, ಅಂದರೆ ಒಬ್ಬರಿಗೆ ಅವರ ಮೇಲೇ ಅನುಮಾನ ಬರುವ ಹಾಗೆ ಮಾಡುವುದು. ಮೂಲ, ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ‘ಗ್ಯಾಸ್ ಲೈಟ್’ ನಾಟಕ. ಗಂಡ ಹೊರಗೆ ಹೋಗುತ್ತೇನೆ ಎಂದು ಹೇಳಿ, ಕದ್ದು ಮೇಲಿನ ಮಹಡಿಗೆ ಹೋಗಿ ಒಡವೆ ಹುಡುಕುತ್ತಾನೆ. ಅಲ್ಲಿ ಅವನು ದೀಪ ಹಚ್ಚಿದಾಗ ಕೆಳಗಿನ ಗ್ಯಾಸ್ ದೀಪ ಮಂಕಾಗುತ್ತದೆ. ಹೆಂಡತಿ ಅದನ್ನು ಕಣ್ಣಾರೆ ನೋಡುತ್ತಾಳೆ. ಅವಳ ತಲೆ ಕೆಡುತ್ತಿದೆ ಅಂತ ಅವಳನ್ನೇ ನಂಬಿಸಲು ಅವನು ನೋಡುತ್ತಾನೆ. ಗೆಳತಿ ಇದನ್ನು ಇನ್ನೂ ಮೆತ್ತಗೆ ಮಾಡಬಲ್ಲಳು. “ನೀನು ಸುಮ್ನೆ ಏನೇನೋ ಕಲ್ಪಿಸಿಕೊಳ್ತೀಯ ಕಣೇ. ಸರಿಯಾಗಿ ನಿದ್ದೆ ಮಾಡ್ತಿದೀಯಾ?” ಕೇಳಲು ಕಾಳಜಿಯ ಹಾಗೇ ಇದೆ, ಅಲ್ವಾ? ದಿನಾ ಕೇಳಿದರೆ ಯಾರಿಗಾದರೂ ತನ್ನ ಮೇಲೇ ಅನುಮಾನ ಬರುತ್ತದೆ. ಓದುಗರಿಗೂ ಬರುತ್ತದೆ. ಕಥೆ ಹೇಳುತ್ತಿರುವವಳನ್ನು ಎಷ್ಟು ನಂಬುವುದು ಅನ್ನುವ ಗೊಂದಲವೇ ಇಲ್ಲಿ ಪುಟ ತಿರುಗಿಸುತ್ತದೆ.

ಡೊಮೆಸ್ಟಿಕ್ ಥ್ರಿಲ್ಲರ್‌ಗೆ ಕನ್ನಡದಲ್ಲಿ ಏನನ್ನೋಣ? ‘ಗೃಹ ರೋಮಾಂಚಕ’ ಅಂದರೆ ಸರ್ಕಾರಿ ಫಲಕದ ಹಾಗೆ ಕೇಳುತ್ತದೆ. ಥ್ರಿಲ್ಲರ್ ಅಂತಲೇ ಇರಲಿ. ಆದರೆ ಅದರ ಒಳಗಿನ ವಿಷಯಕ್ಕೆ ನಮ್ಮಲ್ಲಿ ಬಹಳ ಹಳೆಯ ಮಾತಿದೆ: ಉಂಡ ಮನೆಯ ಜಂತೆ ಎಣಿಸುವುದು. ಜಂತೆ ಅಂದರೆ ಹಳೆಯ ಮನೆಗಳ ಸೂರಿನ ಕೆಳಗೆ ಸಾಲಾಗಿ ಕೂರಿಸಿದ ಮರದ ತೊಲೆ. ಹೊಟ್ಟೆ ತುಂಬ ಉಂಡು, ಅವರದೇ ಚಾಪೆಯ ಮೇಲೆ ಅಂಗಾತ ಮಲಗಿ, ಸೂರು ನೋಡುತ್ತ ಒಂದು, ಎರಡು, ಮೂರು ಅಂತ ಲೆಕ್ಕ ಹಾಕುವವನ ಚಿತ್ರ ಅದರಲ್ಲಿದೆ. ಕತ್ತಿಯಿಲ್ಲ, ರಕ್ತವಿಲ್ಲ. ಆದರೂ ಮೈ ಜುಮ್ಮೆನ್ನುತ್ತದೆ.

ಇಂಥದೊಂದು ಕಾದಂಬರಿ ಓದಿ ಮುಗಿಸಿದ ಮೇಲೆ ಮೊದಲ ಅಧ್ಯಾಯವನ್ನು ಇನ್ನೊಮ್ಮೆ ತೆರೆದು ನೋಡಿ. ಗೆಳತಿ ಬಾಗಿಲಲ್ಲೇ ನಿಂತು, ಒಳಗೆಲ್ಲ ಕಣ್ಣಾಡಿಸಿ, “ಮನೆ ಎಷ್ಟು ಚೆನ್ನಾಗಿ ಇಟ್ಟುಕೊಂಡಿದೀಯೇ” ಅಂತಲೋ ಇನ್ನೇನೋ ಅಂದಿರುತ್ತಾಳೆ. ಮೊದಲ ಸಲ ಅದನ್ನು ಮೆಚ್ಚುಗೆ ಅಂದುಕೊಂಡೇ ಓದಿರುತ್ತೀರಿ. ಅವಳು ಆಗಲೇ ಜಂತೆ ಎಣಿಸುತ್ತಿದ್ದಳು.